ಕುಂದಾಪುರದಲ್ಲಿರುವ ತಾಯಿಯ ತವರುಮನೆಯನ್ನು ಮಾರುವ ಬಗ್ಗೆ ಸಲಹೆ ಬೇಕು

ಬಸವನಹಳ್ಳಿ ನಿವಾಸಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯ ತವರುಮನೆ ಕುಂದಾಪುರ ಪುರಸಭೆಯ ವ್ಯಾಪ್ತಿಯಲ್ಲಿ, ಪಂಚಗಂಗಾವಳಿ ಹೊಳೆಯ ದಂಡೆಗೆ ಸಾಕಷ್ಟು ಹತ್ತಿರದಲ್ಲಿದೆ. ತಾಯಿಯ ಅಜ್ಜ ಸ್ವಾತಂತ್ರ್ಯಕ್ಕೆ ಮೊದಲೇ ಕಟ್ಟಿಸಿದ ಮುರಕಲ್ಲಿನ ಮನೆ ಅದು. ಎದುರಿಗೆ ಉದ್ದನೆಯ ಜಗಲಿ, ಹಲಸಿನ ಮರದ ಕಂಬಗಳಿರುವ ಚಾವಡಿ, ಹಲಗೆಯ ಮುಚ್ಚಿಗೆ, ಕಿರಿದಾದ ಏಣಿಮೆಟ್ಟಿಲು ಹತ್ತಿ ಹೋಗುವ ಉಪ್ಪರಿಗೆ, ಮೇಲೆ ಹಂಚಿನ ಮಾಡು. ಅಂಗಳದಲ್ಲಿ ಬಾವಿ, ಹಿತ್ತಿಲಿನ ಮೂಲೆಯಲ್ಲಿ ಒಂದು ಸಣ್ಣ ನಾಗಬನ. ಒಟ್ಟು ಜಾಗ 22 ಸೆಂಟ್ಸ್.

ಅಜ್ಜಿ ತೀರಿಕೊಂಡ ಮೇಲೆ ಅಲ್ಲಿ ಯಾರೂ ವಾಸವಿಲ್ಲ. ನೆರೆಮನೆಯವರು ವಾರಕ್ಕೊಮ್ಮೆ ಬಾಗಿಲು ತೆರೆದು ಗುಡಿಸಿ ಹೋಗುತ್ತಾರೆ. ದೊಡ್ಡ ಮಾವ ಉಡುಪಿಯಲ್ಲಿದ್ದಾರೆ, ಸಣ್ಣ ಮಾವ ಮುಂಬಯಿಯಲ್ಲಿದ್ದಾರೆ, ಚಿಕ್ಕಮ್ಮ ಕಳೆದ ವರ್ಷ ತೀರಿಕೊಂಡರು. ಖಾತೆ ಇಂದಿಗೂ ಅಜ್ಜನ ಹೆಸರಿನಲ್ಲಿಯೇ ಇದೆ.

ಈಗ ಮೂವರು ಗಿರಾಕಿಗಳು ಬಂದಿದ್ದಾರೆ. ಒಬ್ಬರು ಮನೆಯನ್ನು ಕೆಡವಿ ವಸತಿ ಸಮುಚ್ಚಯ ಕಟ್ಟುವವರು, ಇನ್ನೊಬ್ಬರು ಜಾಗ ಬೇಡ, ಮರಮಟ್ಟು ಮತ್ತು ಹಂಚನ್ನು ಮಾತ್ರ ಬಿಚ್ಚಿಕೊಂಡು ಹೋಗುತ್ತೇವೆ ಎನ್ನುವವರು, ಮೂರನೆಯವರು ಬೆಂಗಳೂರಿನಿಂದ ಬಂದು ಹೋಮ್‌ಸ್ಟೇ ಮಾಡುವ ಆಸೆ ಹೇಳಿದವರು. ಯಾರ ಮಾತನ್ನು ಮುಂದುವರಿಸಬೇಕು, ಬೆಲೆಯನ್ನು ಹೇಗೆ ನಿರ್ಧರಿಸಬೇಕು, ಮನೆಯನ್ನು ಉಳಿಸಿಕೊಳ್ಳುವವರಿಗೇ ಕೊಡಲು ಏನಾದರೂ ದಾರಿಯಿದೆಯೇ ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ. ಘಟ್ಟದ ಮೇಲಿನ ನಮಗೆ ಅಲ್ಲಿನ ವ್ಯವಹಾರ ಅಷ್ಟಾಗಿ ತಿಳಿಯದು.

ಕಳಸದವಳು

ದಯವಿಟ್ಟು ಮಾರಬೇಡಿ. ಅಂಥ ಮನೆಯನ್ನು ಇನ್ನೊಮ್ಮೆ ಕಟ್ಟಿಸುವ ಶಕ್ತಿ ನಮ್ಮ ತಲೆಮಾರಿನಲ್ಲಿ ಯಾರಿಗೂ ಇಲ್ಲ.

ಕೆ.ಆರ್.ಪುರಂ, ಹಾಸನ

ಮಾರಬೇಡಿ ಎಂದು ಹೇಳುವವರು ಪ್ರತಿ ಬೇಸಿಗೆಯಲ್ಲಿ ಹಂಚು ಕೈಯಾಡಿಸುವ ಕೂಲಿಯನ್ನೂ ಕಳುಹಿಸಿಕೊಟ್ಟರೆ ಒಳ್ಳೆಯದಿತ್ತು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಯಾರೂ ವಾಸವಿಲ್ಲದ ಮನೆಯಲ್ಲಿ ಒಂದು ಹಂಚು ಸರಿದರೂ ಸಾಕು, ಮುಂದಿನ ಮಳೆಗಾಲ ಮುಗಿಯುವುದರೊಳಗೆ ಹಂಚು ಹೊರುವ ಪಕಾಸು ಕೊಳೆಯಲು ತೊಡಗುತ್ತದೆ. ಮಾರುವುದಾದರೆ ಬೇಗ ಮಾರಿ, ಇಟ್ಟುಕೊಳ್ಳುವುದಾದರೆ ಯಾರನ್ನಾದರೂ ಬಾಡಿಗೆಯಿಲ್ಲದೆಯಾದರೂ ಕೂರಿಸಿ. ಎರಡೂ ಮಾಡದೆ ಬೀಗ ಹಾಕಿಡುವುದು ಎಲ್ಲಕ್ಕಿಂತ ದುಬಾರಿಯಾದ ಆಯ್ಕೆ.

ಹಳೆ ದಸ್ತಾವೇಜು

ನಾನು ಹುಟ್ಟಿದ್ದು ಘಟ್ಟದ ಕೆಳಗೆ, ವಕೀಲಿ ಮಾಡುತ್ತಿರುವುದು ಚಿಕ್ಕಮಗಳೂರಿನಲ್ಲಿ. ಹಾಗಾಗಿ ಎರಡೂ ಕಡೆಯ ಕಾಗದಪತ್ರಗಳ ಪರಿಚಯವಿದೆ. ಬೆಲೆಯ ಮಾತು ಆಮೇಲೆ ಆಡೋಣ. ಮಾರಲು ನಿಮ್ಮ ಕುಟುಂಬಕ್ಕೆ ಇರುವ ಹಕ್ಕು ಯಾವ ಬಗೆಯದು ಎಂಬುದು ಮೊದಲು ತಿಳಿಯಬೇಕು.

ಹಾಸನ, ಚಿಕ್ಕಮಗಳೂರು ಹಳೆಯ ಮೈಸೂರು ಸಂಸ್ಥಾನದಲ್ಲಿದ್ದವು. ಕುಂದಾಪುರ ತಾಲ್ಲೂಕು 1956ರ ನವೆಂಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಅಲ್ಲಿನ ಭೂಮಿಯ ಹಕ್ಕುಗಳು ಬೆಳೆದು ಬಂದ ರೀತಿಯೇ ಬೇರೆ. ನಮ್ಮ ಕಡೆಯವರು ಖಾತೆ, ಪಹಣಿ, ಋಣಭಾರ ಪತ್ರ ನೋಡಿ ಎಲ್ಲವೂ ಸರಿಯಾಗಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಮಂಗಳೂರು, ಉಡುಪಿ, ಕುಂದಾಪುರದ ಪೇಟೆಗಳಲ್ಲಿ ಎಷ್ಟೋ ಹಳೆಯ ಮನೆಗಳು ನಿಂತಿರುವುದು ಮೂಲಗೇಣಿ ಜಾಗದ ಮೇಲೆ. ಮೂಲಿದಾರರ, ಅಂದರೆ ಜಾಗದ ಮೂಲ ಒಡೆಯರ, ಕುಟುಂಬದಿಂದ ಶಾಶ್ವತ ಗೇಣಿಗೆ ಪಡೆದ ಜಾಗದಲ್ಲಿ ಮನೆ ಕಟ್ಟಿ, ವರ್ಷಕ್ಕೆ ಇಷ್ಟು ಎಂದು ನಿಗದಿಯಾದ ಗೇಣಿಯನ್ನು ಸಂದಾಯ ಮಾಡುತ್ತಾ ಬಂದವರು ಮೂಲಗೇಣಿದಾರರು. ಹಕ್ಕು ವಂಶಪಾರಂಪರ್ಯವಾಗಿ ಸಾಗುತ್ತದೆ, ಗೇಣಿ ಏರುವುದಿಲ್ಲ, ಆದರೆ ಜಾಗದ ಪೂರ್ಣ ಒಡೆತನ ನಿಮ್ಮದಲ್ಲ. ಕೆಲವು ಗೇಣಿಚೀಟಿಗಳಲ್ಲಿ ಪರಭಾರೆ ಮಾಡಬಾರದೆಂಬ ಷರತ್ತೂ ಇರುತ್ತದೆ. ಇಂಥವರಿಗೆ ಒಡೆತನ ಸಿಗಲೆಂದು ರಾಜ್ಯ ಸರ್ಕಾರ 2011ರಲ್ಲಿ ಒಂದು ಕಾಯ್ದೆಯನ್ನೂ ತಂದಿತು. ಮೂಲಿದಾರರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದುಂಟು.

ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ರಶೀದಿಗಳು, ಛಾಪಾ ಕಾಗದದ ಮೇಲೆ ಬರೆದ ಗೇಣಿಚೀಟಿ ಏನಾದರೂ ಇವೆಯೇ ನೋಡಿ. ಇದ್ದರೆ ಇಲ್ಲಿ ಹಾಕಬೇಡಿ, ನಿಮ್ಮ ವಕೀಲರಿಗೆ ತೋರಿಸಿ.

ಅಂದಹಾಗೆ ನಮ್ಮ ಕಡೆಯವರಿಗಾಗಿ ಒಂದು ಲೆಕ್ಕ: ಎಕರೆಗೆ 100 ಸೆಂಟ್ಸ್, 40 ಗುಂಟೆ. 22 ಸೆಂಟ್ಸ್ ಎಂದರೆ ಒಂಬತ್ತು ಗುಂಟೆಗಿಂತ ಸ್ವಲ್ಪ ಕಡಿಮೆ.

ಬಸವನಹಳ್ಳಿ ನಿವಾಸಿ, ಚಿಕ್ಕಮಗಳೂರು

ವಕೀಲರೇ, ತಾಯಿಯವರನ್ನು ಕೇಳಿದೆ. ಪ್ರತಿ ವರ್ಷ ಒಂದು ಮನೆಯವರಿಗೆ ಸಣ್ಣ ಮೊತ್ತವೊಂದನ್ನು ಅಜ್ಜ ತಲುಪಿಸಿ ಬರುತ್ತಿದ್ದರಂತೆ. ಅದು ಯಾವುದೋ ಹಳೆಯ ಸಾಲವೆಂದೇ ಅವರು ಇಷ್ಟು ವರ್ಷ ತಿಳಿದಿದ್ದರು.

ಹಳೆ ದಸ್ತಾವೇಜು

ಹೆಚ್ಚಿನ ಸಂಭವ ಮೂಲಗೇಣಿಯೇ. ಗಿರಾಕಿಗಳ ಬಳಿ ಮುಂಗಡ ಹಣವನ್ನು ಈಗ ಮುಟ್ಟಬೇಡಿ.

ಕೋಡಿ ಕಡಲು

ಅಕ್ಕ, ನಾನು ಕುಂದಾಪುರದ ಕೋಡಿಯವನು, ಈಗ ಹಾಸನದಲ್ಲಿ ನೌಕರಿ. ಒಂದು ಪ್ರಶ್ನೆ: ಬಾವಿಯ ನೀರು ಬೇಸಿಗೆಯಲ್ಲಿ ಸಿಹಿಯಾಗಿಯೇ ಇರುತ್ತದೆಯೋ, ಸವಳಾಗುತ್ತದೆಯೋ? ಹೋಮ್‌ಸ್ಟೇಯವರು ಮೊದಲು ನೋಡಬೇಕಾದದ್ದು ಅದನ್ನೇ, ಚಾವಡಿಯ ಕಂಬವನ್ನಲ್ಲ.

ಬಸವನಹಳ್ಳಿ ನಿವಾಸಿ, ಚಿಕ್ಕಮಗಳೂರು

ಶಿವರಾತ್ರಿಯವರೆಗೂ ಚೆನ್ನಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕುಡಿಯಲು ಆಗುವುದಿಲ್ಲ, ಬೇಳೆಯೂ ಬೇಯುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ನಾನು ಅಕ್ಕನಲ್ಲ, ಅಣ್ಣ.

ಕೋಡಿ ಕಡಲು

ಕ್ಷಮಿಸಿ ಅಣ್ಣ. ಹಾಗಾದರೆ ಪುರಸಭೆಯ ನಲ್ಲಿ ಸಂಪರ್ಕದ ದಾಖಲೆಯನ್ನು ಜೋಪಾನವಾಗಿಡಿ, ಅದಕ್ಕೂ ಬೆಲೆಯಿದೆ.

ಸಕಲೇಶಪುರ ಘಾಟಿ

ಕಟ್ಟಡ ಕಾಮಗಾರಿಯ ಕೆಲಸದಲ್ಲಿರುವವನಾಗಿ ವಸತಿ ಸಮುಚ್ಚಯದ ಗಿರಾಕಿಯ ಬಗ್ಗೆ ಎಚ್ಚರಿಸಬಯಸುತ್ತೇನೆ. ಹೊಳೆಯ ದಂಡೆಗೆ ಮನೆ ಎಷ್ಟು ದೂರವಿದೆ ಎಂಬುದನ್ನು ನೀವು ಬರೆದಿಲ್ಲ. ಕರಾವಳಿ ನಿಯಂತ್ರಣ ವಲಯದ ನಿಯಮ ಸಮುದ್ರ ತೀರಕ್ಕೆ ಮಾತ್ರ ಎಂದು ಘಟ್ಟದ ಮೇಲಿನ ಬಹಳ ಜನ ತಿಳಿದಿದ್ದಾರೆ. ಉಬ್ಬರವಿಳಿತದ ಪ್ರಭಾವವಿರುವ ಹೊಳೆಗಳಿಗೂ ಅದು ಅನ್ವಯಿಸುತ್ತದೆ. 2011ರ ಅಧಿಸೂಚನೆಯಲ್ಲಿ ಹೊಳೆಯ ಉಬ್ಬರದ ರೇಖೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಎಂದಿತ್ತು. 2019ರ ಅಧಿಸೂಚನೆಯಲ್ಲಿ ಆ 100 ಮೀಟರ್ 50 ಆಯಿತು. ಪ್ರಭಾವ ಎಲ್ಲಿಯವರೆಗೆ ಎಂಬುದನ್ನು ಅಳೆಯುವುದು ನೀರಿನ ಉಪ್ಪಿನಂಶದಿಂದ, ಅದೂ ವರ್ಷದ ಅತ್ಯಂತ ಒಣ ಕಾಲದಲ್ಲಿ. ನಿಮ್ಮ ಜಾಗ ಆ ಪಟ್ಟಿಯ ಒಳಗೆ ಬಂದರೆ ಈಗಿರುವ ಮನೆಯನ್ನು ದುರಸ್ತಿ ಮಾಡಿಕೊಂಡು ವಾಸಿಸುವುದು ಬೇರೆ ಮಾತು, ಅದನ್ನು ಕೆಡವಿ ಐದಾರು ಮಹಡಿ ಏರಿಸುವುದು ಬೇರೆ ಮಾತು.

ಇದರಲ್ಲಿ ನಿಮಗೊಂದು ಅನುಕೂಲವೂ ಅಡಗಿದೆ. ಕೆಡವಿ ಕಟ್ಟಲು ಅನುಮತಿ ಸಿಗುವುದು ಕಷ್ಟವಾದ ಜಾಗದಲ್ಲಿ ನಿಂತಿರುವ ಹಳೆಯ ಮನೆಗೆ, ಮನೆಯಾಗಿಯೇ ಬೆಲೆ ಬರುತ್ತದೆ. ಕರಾವಳಿ ವಲಯದ ನಕ್ಷೆಯಲ್ಲಿ ನಿಮ್ಮ ಸರ್ವೆ ನಂಬರನ್ನು ಗುರುತಿಸಿ ಕೊಡುವಂತೆ ಅರ್ಜಿ ಹಾಕಿ.

ಕೆ.ಆರ್.ಪುರಂ, ಹಾಸನ

ಹಾಗಾದರೆ ಬಿಲ್ಡರ್ ಅಷ್ಟೊಂದು ಆಸಕ್ತಿ ತೋರಿಸುತ್ತಿರುವುದು ಏಕೆ? ಅವರಿಗೆ ನಿಯಮ ಗೊತ್ತಿಲ್ಲವೇ?

ಸಕಲೇಶಪುರ ಘಾಟಿ

ಗೊತ್ತಿರುತ್ತದೆ. ಕಡಿಮೆ ಮುಂಗಡ ಕೊಟ್ಟು ಕರಾರು ಬರೆಸಿಕೊಂಡು, ಅನುಮತಿ ಸಿಕ್ಕರೆ ನೋಂದಣಿ, ಸಿಗದಿದ್ದರೆ ವರ್ಷಗಟ್ಟಲೆ ಎಳೆದಾಟ ಎಂಬ ಲೆಕ್ಕ ಅನೇಕರದ್ದು. ಅಷ್ಟು ದಿನ ಮನೆ ನಿಮ್ಮ ಕೈಯಲ್ಲೂ ಇರುವುದಿಲ್ಲ, ಅವರ ಕೈಯಲ್ಲೂ ಇರುವುದಿಲ್ಲ. ನಮ್ಮ ಬಂಧುಗಳ ಒಂದು ಜಾಗ ಹೀಗೆಯೇ ಸಿಕ್ಕಿಹಾಕಿಕೊಂಡಿದೆ. ಕರಾರಿನಲ್ಲಿ ಅವಧಿಯನ್ನು ಸ್ಪಷ್ಟವಾಗಿ ಬರೆಸದೆ ಸಹಿ ಹಾಕಬೇಡಿ.

ಮೂಡಿಗೆರೆ ತೊಟ್ಟಿಮನೆ

ನಾನು ಹಳೆಯ ಮನೆಗಳನ್ನು ದುರಸ್ತಿ ಮಾಡಿಸುವ ಹುಚ್ಚಿನವನು. ನಮ್ಮದೇ ತೊಟ್ಟಿಮನೆಯನ್ನು ನಿಲ್ಲಿಸಿಕೊಂಡ ಮೇಲೆ ಘಟ್ಟದ ಕೆಳಗಿನ ಕೆಲವು ಮನೆಗಳನ್ನೂ ನೋಡಿ ಬಂದಿದ್ದೇನೆ. ಗಿರಾಕಿಗಳು ಹೇಳುವ ಬೆಲೆಯನ್ನು ನಂಬುವ ಮೊದಲು ಮನೆ ಹೇಗಿದೆ ಎಂದು ನೀವೇ ಒಮ್ಮೆ ನೋಡಿ.

ಚಾವಡಿಯ ಕಂಬಗಳನ್ನು ಬಿಡಿ, ಅವು ಕಣ್ಣಿಗೆ ಕಾಣುವ ಜಾಗದಲ್ಲಿರುವುದರಿಂದ ಬೇಗ ಹಾಳಾಗುವುದಿಲ್ಲ. ಟಾರ್ಚ್ ಹಿಡಿದು ಅಟ್ಟಕ್ಕೆ ಹೋಗಿ, ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗವನ್ನು ನೋಡಿ. ಗೋಡೆಯ ತೇವ ಮರಕ್ಕೆ ಸೇರುವುದು ಅಲ್ಲಿಯೇ. ಸಣ್ಣ ಉಳಿಯ ಹಿಡಿಯಿಂದ ತಟ್ಟಿದಾಗ ಗಟ್ಟಿಯಾದ ಮರ ಗಣಗಣ ಎನ್ನುತ್ತದೆ, ಒಳಗೆ ಒರಲೆ ತಿಂದದ್ದು ಬೊದ್ದು ಸದ್ದು ಕೊಡುತ್ತದೆ. ಉಳಿಯ ಮೊನೆಯನ್ನು ಒತ್ತಿದರೆ ಒಂದು ನೂಲಿಗಿಂತ ಹೆಚ್ಚು ಒಳಗೆ ಹೋಗಬಾರದು. ಆಮೇಲೆ ಹಂಚಿನ ಕೆಳಗಿನ ರೀಪುಗಳನ್ನು ನೋಡಿ, ಕಪ್ಪಾಗಿ ಉದ್ದಕ್ಕೆ ಇಳಿದ ಗುರುತಿದ್ದರೆ ನೀರು ಹಳೆಯದು, ಬಿಳಿಯ ಬೂಷ್ಟು ಇದ್ದರೆ ಈ ವರ್ಷದ್ದು.

ಎರಡನೆಯ ಸಂಗತಿ ಗೋಡೆ. ಮುರಕಲ್ಲು ತೇವವನ್ನು ಹೀರಿ ಮತ್ತೆ ಬಿಡುವ ಕಲ್ಲು. ಹಿಂದಿನವರು ಅದಕ್ಕೆ ಚಿಪ್ಪು ಸುಣ್ಣದ ಗಾರೆ ಮಾಡುತ್ತಿದ್ದರು, ಗೋಡೆಗೆ ಉಸಿರಾಟವಿತ್ತು. ನಡುವೆ ಯಾರಾದರೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದರೆ ತೇವ ಹೊರಗೆ ಬರಲಾಗದೆ ಒಳಗೇ ಉಳಿದು ಮೇಲೇರುತ್ತದೆ, ಕೊನೆಗೆ ತೊಲೆಯ ತುದಿಗೆ ಸೇರುತ್ತದೆ. ಎಷ್ಟೋ ಮನೆಗಳು ಹಾಳಾದದ್ದು ಅಲಕ್ಷ್ಯದಿಂದಲ್ಲ, ಇಂಥ ರಿಪೇರಿಯಿಂದ. ಅಜ್ಜಿಯ ಕಾಲದಲ್ಲಿ ಅಡಿಗೆಮನೆಯ ಹೊಗೆ ದಿನವೂ ಮಾಡಿಗೆ ತಾಗುತ್ತಿತ್ತು, ಹುಳು ಹತ್ತಿರ ಬರುತ್ತಿರಲಿಲ್ಲ. ಗ್ಯಾಸ್ ಒಲೆ ಬಂದ ಮೇಲೆ ಆ ಕಾವಲೂ ಹೋಯಿತು.

ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಮುದ್ರೆ ಇರುತ್ತದೆ, ಒಂದೆರಡನ್ನು ತೆಗೆದು ನೋಡಿ. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಅಂಥ ಕಾರ್ಖಾನೆಗಳು ಎದ್ದವು, ಕುಂದಾಪುರದ ಸುತ್ತಮುತ್ತಲೂ ಇದ್ದವು. ಒಳ್ಳೆಯ ಹಳೆಯ ಹಂಚಿಗೆ ಈಗ ರೆಸಾರ್ಟ್‌ನವರಿಂದ ಬೇಡಿಕೆಯಿದೆ. ಮರಮಟ್ಟಿನ ವ್ಯಾಪಾರಿ ಹಂಚನ್ನು ಲೆಕ್ಕಕ್ಕೇ ಹಿಡಿಯದೆ ಬಿಟ್ಟಿಯಾಗಿ ಒಯ್ಯುವ ಉಪಾಯ ಮಾಡಬಹುದು, ಗಮನವಿರಲಿ.

ಕಳಸದವಳು

ಬಿಚ್ಚಿ ಒಯ್ಯುವವರಿಗೆ ಕೊಡುವುದಾದರೆ ಬಿಲ್ಡರ್‌ಗೇ ಕೊಡಿ. ಕಂಬವೊಂದು ಕಡೆ, ಬಾಗಿಲೊಂದು ಕಡೆ, ಭತ್ತ ತುಂಬುವ ಪತ್ತಾಯದ ಹಲಗೆ ಯಾವುದೋ ಹೋಟೆಲಿನ ಮೇಜಾಗುವುದನ್ನು ನೋಡುವುದಕ್ಕಿಂತ ಅದು ವಾಸಿ.

ಕೋಡಿ ಕಡಲು

ಈ ಮಾತನ್ನು ನಾನು ಒಪ್ಪುವುದಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಮಾಡಿದ ಕೆಲಸವೂ ಬಿಚ್ಚಿ ಒಯ್ಯುವ ಕೆಲಸವೇ ಆಗಿತ್ತಲ್ಲವೇ? ಕುಂಜೂರಿನ ಚೌಕಿಮನೆ ಇಂದು ಅಲ್ಲಿನ ಪರಂಪರೆ ಗ್ರಾಮದಲ್ಲಿ ನಿಂತಿರುವುದು ಅವರು ಅದನ್ನು ಬಿಚ್ಚಿ ತಂದದ್ದರಿಂದ.

ಮೂಡಿಗೆರೆ ತೊಟ್ಟಿಮನೆ

ಶೆಣೈಯವರು ತಂದದ್ದು ಇಡೀ ಮನೆಯನ್ನು. ಬಿಚ್ಚಿದ ತುಂಡುಗಳನ್ನು ಮತ್ತೆ ಮೊದಲಿದ್ದ ಕ್ರಮದಲ್ಲಿಯೇ ಕೂರಿಸಿ ಮನೆಯನ್ನು ಮನೆಯಾಗಿಯೇ ನಿಲ್ಲಿಸಿದರು. ವ್ಯಾಪಾರಿಗೆ ಬೇಕಾದದ್ದು ಕೆತ್ತನೆಯಿರುವ ಕಂಬ, ದಪ್ಪ ಹೊಸ್ತಿಲು, ಬಾಗಿಲಿನ ದಾರಂದ. ಉಳಿದದ್ದು ಸೌದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಕೆ.ಆರ್.ಪುರಂ, ಹಾಸನ

ಭಾವನೆಯ ಮಾತು ಸಾಕು. ಪಾಲುದಾರರು ಎಷ್ಟು ಮಂದಿ, ಅವರೆಲ್ಲ ಒಪ್ಪಿದ್ದಾರೆಯೇ ಎಂಬುದನ್ನು ಅವರು ಇನ್ನೂ ಹೇಳಿಲ್ಲ.

ಬಸವನಹಳ್ಳಿ ನಿವಾಸಿ, ಚಿಕ್ಕಮಗಳೂರು

ದೊಡ್ಡ ಮಾವನಿಗೆ ಮಾರಲು ಮನಸ್ಸಿಲ್ಲ, ಆದರೆ ನೋಡಿಕೊಳ್ಳುವ ಆರೋಗ್ಯವೂ ಇಲ್ಲ. ಸಣ್ಣ ಮಾವನಿಗೆ ಹಣದ ತುರ್ತು ಇದೆ. ಎಲ್ಲರೂ ಒಪ್ಪದಿದ್ದರೆ ತನ್ನ ಪಾಲನ್ನು ಮಾತ್ರ ಬಿಲ್ಡರ್‌ಗೆ ಬರೆದುಕೊಡುತ್ತೇನೆ ಎಂದು ಹೇಳಿಬಿಟ್ಟಿದ್ದಾರೆ. ತಾಯಿ ಇಬ್ಬರ ನಡುವೆ ಸಿಕ್ಕಿದ್ದಾರೆ. ಚಿಕ್ಕಮ್ಮನ ಮಕ್ಕಳು ನೀವು ಮಾಡಿದ್ದಕ್ಕೆ ನಮ್ಮ ಒಪ್ಪಿಗೆಯಿದೆ ಎನ್ನುತ್ತಾರೆ. ಅಜ್ಜ ಮರಣಶಾಸನ ಬರೆದಿಲ್ಲ, ತೀರಿಕೊಂಡದ್ದು 1990ರ ದಶಕದಲ್ಲಿ.

ಹಳೆ ದಸ್ತಾವೇಜು

ಹಾಗಾದರೆ ಒಂದೊಂದಾಗಿ ನೋಡೋಣ. ನಿಮ್ಮ ಕುಟುಂಬದಲ್ಲಿ ಅಳಿಯಸಂತಾನ, ಅಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಪದ್ಧತಿ, ಇತ್ತೋ, ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿ ಇತ್ತೋ? ಅಳಿಯಸಂತಾನವಾಗಿದ್ದರೆ ಮನೆ ಅಜ್ಜನ ಸ್ವಂತದ್ದೋ, ಕುಟುಂಬದ ಕವರಿಗೆ, ಅಂದರೆ ಹೆಣ್ಣಿನ ಕಡೆಯ ಕವಲಿಗೆ, ಸೇರಿದ್ದೋ ಎಂಬ ಪ್ರಶ್ನೆ ಏಳುತ್ತದೆ, ಲೆಕ್ಕವೇ ಬದಲಾಗುತ್ತದೆ. ನಿಮ್ಮ ಬರಹದಿಂದ ಎರಡನೆಯದೆಂದು ತೋರುತ್ತದೆ, ಹಾಗೆಂದೇ ಮುಂದೆ ಹೇಳುತ್ತೇನೆ.

ನಿಮ್ಮ ತಾಯಿಗೂ ಚಿಕ್ಕಮ್ಮನಿಗೂ ಗಂಡುಮಕ್ಕಳಿಗೆ ಸಮನಾದ ಪಾಲಿದೆ. ಪಿತ್ರಾರ್ಜಿತ ಆಸ್ತಿಯಾದರೂ 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿದೆ, ತಂದೆ ಆ ಹೊತ್ತಿಗೆ ಬದುಕಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಚಿಕ್ಕಮ್ಮ ತೀರಿಕೊಂಡದ್ದು ಅಜ್ಜ ಅಜ್ಜಿಯರ ನಂತರವಾದ್ದರಿಂದ ಅವರ ಪಾಲಿನಲ್ಲಿ ಮಕ್ಕಳ ಜೊತೆಗೆ ನಿಮ್ಮ ಚಿಕ್ಕಪ್ಪನಿಗೂ ಹಕ್ಕಿದೆ. ಅವರ ಸಹಿಯನ್ನು ಮರೆತು ನೋಂದಣಿ ಮಾಡಿಸಿ, ಆಮೇಲೆ ದಾವೆ ಎದುರಿಸಿದವರನ್ನು ನಾನು ಕಂಡಿದ್ದೇನೆ.

ಈಗ ಸಣ್ಣ ಮಾವನ ಮಾತು. ಅವರು ತಮ್ಮ ಅವಿಭಕ್ತ ಪಾಲನ್ನು ಹೊರಗಿನವರಿಗೆ ಬರೆದುಕೊಡಬಹುದು, ಕಾನೂನು ತಡೆಯುವುದಿಲ್ಲ. ಆದರೆ ಕೊಂಡ ಬಿಲ್ಡರ್ ಕುಟುಂಬದ ವಾಸದ ಮನೆಯೊಳಗೆ ಬಂದು ಜಂಟಿ ಸ್ವಾಧೀನ ಕೇಳುವಂತಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಅದನ್ನು ಹೇಳುತ್ತದೆ. ಆ ಬಿಲ್ಡರ್ ವಿಭಾಗದ ದಾವೆ ಹಾಕಬೇಕಾಗುತ್ತದೆ. ಹಾಕಿದರೆ 1893ರ ವಿಭಾಗ ಕಾಯ್ದೆಯ 4ನೇ ಕಲಮಿನಂತೆ ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ನೀವೇ ಕೊಳ್ಳುತ್ತೇವೆಂದು ಕೇಳಬಹುದು. ಅದಕ್ಕೂ ಮುಂಚೆಯೇ, ಒಬ್ಬ ವಾರಸುದಾರ ಪಾಲು ಮಾರಲು ಹೊರಟಾಗ ಉಳಿದವರಿಗೆ ಕೊಳ್ಳುವ ಮೊದಲ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಂ ಕೊಡುತ್ತದೆ. ಇದನ್ನು ಮಾವನಿಗೆ ಬೆದರಿಕೆಯ ದನಿಯಲ್ಲಿ ಹೇಳಬೇಡಿ. ಹಣದ ತುರ್ತಿರುವವರಿಗೆ ದಾವೆಯ ದಾರಿ ಬಹಳ ಉದ್ದ ಎಂಬುದನ್ನಷ್ಟೇ ತಿಳಿಸಿ.

ಕಳಸದವಳು

ನಾನು ಮಾರಬೇಡಿ ಎಂದಾಗ ನಕ್ಕವರು ಈಗ ನೋಡಿ, ಕಾನೂನೂ ಮನೆಯವರೇ ಕೊಂಡುಕೊಳ್ಳಿ ಎನ್ನುತ್ತಿದೆ.

ಕೆ.ಆರ್.ಪುರಂ, ಹಾಸನ

ಕಾನೂನು ಹಕ್ಕನ್ನು ಕೊಡುತ್ತದೆಯೇ ಹೊರತು ಕೊಳ್ಳಲು ದುಡ್ಡನ್ನು ಕೊಡುವುದಿಲ್ಲ, ತಾಯೀ.

ಲೆಕ್ಕಿಗ, ಅರಸೀಕೆರೆ

ತೆರಿಗೆಯ ಬಗ್ಗೆ ಯಾರೂ ಮಾತೆತ್ತಿಲ್ಲ. 2001ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರಂದು ಅದಕ್ಕಿದ್ದ ಮಾರುಕಟ್ಟೆ ಬೆಲೆಯನ್ನು ನಿಮ್ಮ ಖರೀದಿ ಬೆಲೆಯೆಂದು ಹಿಡಿಯಬಹುದು, ಆದರೆ ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರಬಾರದು. ಅನುಮೋದಿತ ಮೌಲ್ಯಮಾಪಕರಿಂದ ವರದಿ ಬರೆಸಿಕೊಳ್ಳಿ. 2024ರ ಜುಲೈ 23ಕ್ಕಿಂತ ಮೊದಲು ಪಡೆದ ಜಾಗ ಮತ್ತು ಕಟ್ಟಡಕ್ಕೆ, ಹಣದುಬ್ಬರದ ಲೆಕ್ಕ ಹಿಡಿದು ಶೇ. 20 ಅಥವಾ ಹಿಡಿಯದೆ ಶೇ. 12.5, ಯಾವುದು ಕಡಿಮೆಯೋ ಅಷ್ಟು ತೆರಿಗೆ ಕಟ್ಟುವ ಅವಕಾಶ ಭಾರತದಲ್ಲಿ ವಾಸಿಸುವ ವ್ಯಕ್ತಿಗಳಿಗಿದೆ. ಪ್ರತಿಯೊಬ್ಬ ಪಾಲುದಾರರ ಲೆಕ್ಕವೂ ಪ್ರತ್ಯೇಕ. ಚಿಕ್ಕಮ್ಮನ ಮಕ್ಕಳಲ್ಲಿ ಯಾರಾದರೂ ದುಬೈಯಲ್ಲಿಯೋ ಅಮೆರಿಕದಲ್ಲಿಯೋ ಇದ್ದರೆ ಕೊಳ್ಳುವವರು ಹಿಡಿದುಕೊಳ್ಳಬೇಕಾದ ತೆರಿಗೆಯ ನಿಯಮವೇ ಬೇರೆ, ಮೊದಲೇ ಹೇಳಿಬಿಡಿ.

ಗಿರಾಕಿ ಚೌಕಾಸಿ ಮಾಡುವಾಗ ಇನ್ನೊಂದು ಮಾತು ಬರುತ್ತದೆ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ ಶೇ. 2ಕ್ಕೆ ಏರಿದೆ. ಆ ಹೊರೆಯನ್ನು ನಿಮ್ಮ ತಲೆಗೆ ಹಾಕಲು ನೋಡುತ್ತಾರೆ. ಅದು ಕೊಳ್ಳುವವರ ಖರ್ಚು.

ಕೋಡಿ ಕಡಲು

ನಾಗಬನದ ವಿಷಯವನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ ಬನವಿರುವ ಜಾಗವನ್ನು ಕೊಳ್ಳಲು ಸ್ಥಳೀಯರು ಹಿಂದೆಮುಂದೆ ನೋಡುತ್ತಾರೆ, ಕೊಂಡರೂ ಬನವನ್ನು ಮುಟ್ಟುವುದಿಲ್ಲ. ಹೊರಗಿನಿಂದ ಬಂದವರಿಗೆ ಅದರ ಪರಿವೆ ಇರುವುದಿಲ್ಲ. ನಾಗರಪಂಚಮಿಯಂದು ನಾಗನಿಗೆ ತನು, ಅಂದರೆ ಹಾಲು, ಎರೆಯಲು ನಿಮ್ಮ ಕುಟುಂಬದವರು ಮುಂದೆಯೂ ಬರಬೇಕಾಗುತ್ತದೆ. ಆ ಮೂಲೆಯ ಒಂದೆರಡು ಸೆಂಟ್ಸ್ ಜಾಗವನ್ನು ಮಾರದೆ ಕುಟುಂಬದ ಹೆಸರಿನಲ್ಲಿ ಉಳಿಸಿಕೊಂಡು, ರಸ್ತೆಯಿಂದ ಅಲ್ಲಿಗೆ ಕಾಲುದಾರಿಯ ಹಕ್ಕನ್ನು ಕ್ರಯಪತ್ರದಲ್ಲಿಯೇ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಎರಡನೆಯ ಮಾರಾಟದವರೆಗೆ ಮಾತ್ರ ನಡೆಯುತ್ತದೆ.

ಸಕಲೇಶಪುರ ಘಾಟಿ

ಒಳ್ಳೆಯ ಸಲಹೆ. ಆದರೆ ಮೂಲಗೇಣಿ ಜಾಗವಾದರೆ ಹೀಗೆ ತುಂಡು ಮಾಡಲು ಆಗುತ್ತದೆಯೇ?

ಹಳೆ ದಸ್ತಾವೇಜು

ಗೇಣಿಚೀಟಿಯ ಷರತ್ತನ್ನು ಓದದೆ ಹೇಳಲಾಗದು. ಒಡೆತನದ ಹಕ್ಕು ಮೊದಲು ಕುಟುಂಬಕ್ಕೆ ಬಂದರೆ ಸುಲಭ. ಮೂಲಿದಾರರ ಮನೆಯವರು ಈಗ ಎಲ್ಲಿದ್ದಾರೆಂದು ಹುಡುಕಿ ಮಾತನಾಡಿ. ಬಹಳಷ್ಟು ಕಡೆ ಒಂದು ಮೊತ್ತಕ್ಕೆ ಒಪ್ಪಿ ಮೂಲಿ ಹಕ್ಕನ್ನು ಬರೆದುಕೊಡುತ್ತಾರೆ, ಕೋರ್ಟಿನ ಮೆಟ್ಟಿಲು ಹತ್ತುವ ಪ್ರಸಂಗವೇ ಬರುವುದಿಲ್ಲ.

ಬಸವನಹಳ್ಳಿ ನಿವಾಸಿ, ಚಿಕ್ಕಮಗಳೂರು

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯನ್ನು ತಾಯಿಗೂ ದೊಡ್ಡ ಮಾವನಿಗೂ ಓದಿ ಹೇಳಿದೆ. ಮರಮಟ್ಟಿನ ವ್ಯಾಪಾರಿಗೆ ಆಗುವುದಿಲ್ಲವೆಂದು ತಿಳಿಸಿದ್ದೇವೆ, ಬಿಲ್ಡರ್‌ಗೆ ಕಾಗದಪತ್ರ ಸರಿಯಾಗುವವರೆಗೆ ಮಾತಿಲ್ಲ ಎಂದಿದ್ದೇವೆ. ಆಗುಂಬೆ ಮಾರ್ಗವಾಗಿ ಮುಂದಿನ ವಾರ ಕುಂದಾಪುರಕ್ಕೆ ಹೋಗಿ ಪೆಟ್ಟಿಗೆಯ ಕಾಗದಗಳನ್ನು ತರುತ್ತೇವೆ. ಹೋಮ್‌ಸ್ಟೇ ಗಿರಾಕಿ ಕಾಯಲು ಸಿದ್ಧರಿದ್ದಾರೆ, ಅವರಿಗೆ ಮಾರುವ ಬದಲು ಹತ್ತು ವರ್ಷದ ಗುತ್ತಿಗೆಗೆ ಕೊಟ್ಟು, ಬರುವ ಮುಂಗಡದಲ್ಲಿ ಸಣ್ಣ ಮಾವನ ಪಾಲನ್ನು ಉಳಿದವರು ಬಿಡಿಸಿಕೊಳ್ಳುವುದು ದೊಡ್ಡ ಮಾವನ ಯೋಚನೆ. ಸಣ್ಣ ಮಾವ ಕೂಡಲೇ ಇಲ್ಲವೆನ್ನಲಿಲ್ಲ. ಅವರಿಗೆ ಬಂದು ಹೋಗುವುದು ಕಷ್ಟ, ಮುಂಬಯಿಯಲ್ಲಿಯೇ ನೋಟರಿಯ ಎದುರು ಅಧಿಕಾರಪತ್ರ ಮಾಡಿಸಿ ಕಳುಹಿಸಿದರೆ ನಡೆಯುತ್ತದೆಯೇ?

ಮೂಡಿಗೆರೆ ತೊಟ್ಟಿಮನೆ

ಗುತ್ತಿಗೆಯ ಯೋಚನೆ ಒಳ್ಳೆಯದು. ಕರಾರಿನಲ್ಲಿ ಗೋಡೆಗೆ ಸಿಮೆಂಟ್ ಹಾಕುವಂತಿಲ್ಲ, ಹಂಚು ತೆಗೆದು ಶೀಟು ಹೊದಿಸುವಂತಿಲ್ಲ, ಮರಕ್ಕೆ ವಾರ್ನಿಶ್ ಬಳಿಯುವ ಮುನ್ನ ನಿಮ್ಮನ್ನು ಕೇಳಬೇಕು ಎಂದು ಬರೆಸಿ. ಹೋಮ್‌ಸ್ಟೇಯವರು ಮೊದಲು ಕೈಹಾಕುವುದು ಬಚ್ಚಲಿಗೆ. ಮುರಕಲ್ಲಿನ ಗೋಡೆಯನ್ನು ಕೊರೆದು ಉಪ್ಪರಿಗೆಯಲ್ಲಿ ಸ್ನಾನಗೃಹ ಮಾಡಲು ಬಿಡಲೇಬೇಡಿ, ಹಿತ್ತಿಲಲ್ಲಿ ಬೇರೆ ಕಟ್ಟಿಕೊಳ್ಳಲಿ.

ಕಳಸದವಳು

ಪೆಟ್ಟಿಗೆ ತೆರೆದ ಮೇಲೆ ಏನು ಸಿಕ್ಕಿತೆಂದು ಬರೆಯಿರಿ. ಹೋಮ್‌ಸ್ಟೇ ಆದರೆ ಮೊದಲ ಕೋಣೆಯನ್ನು ನಮ್ಮ ಮನೆಯವರ ಹೆಸರಿಗೆ ಕಾದಿರಿಸಿ.

ಹಳೆ ದಸ್ತಾವೇಜು

ಅಧಿಕಾರಪತ್ರದ ಬಗ್ಗೆ: ನೋಟರಿಯ ಮುದ್ರೆ ಸಾಲದು. ಮಾವನ ಪರವಾಗಿ ಕುಂದಾಪುರದ ಉಪನೋಂದಣಾಧಿಕಾರಿಯ ಮುಂದೆ ಇನ್ನೊಬ್ಬರು ದಸ್ತಾವೇಜು ಹಾಜರುಪಡಿಸಬೇಕಾದರೆ, 1908ರ ನೋಂದಣಿ ಕಾಯ್ದೆಯ 33ನೇ ಕಲಮಿನ ಪ್ರಕಾರ ಆ ಅಧಿಕಾರಪತ್ರವನ್ನು ಅವರು ವಾಸಿಸುವ ಮುಂಬಯಿಯ ಉಪನೋಂದಣಾಧಿಕಾರಿಯೇ ದೃಢೀಕರಿಸಿರಬೇಕು. ಪುರಸಭೆಯ ಇ-ಖಾತಾ ವಾರಸುದಾರರೆಲ್ಲರ ಹೆಸರಿಗೆ ಬದಲಾಗದೆ ಪಾಲು ಬಿಡುಗಡೆಯ ನೋಂದಣಿಯೂ ಆಗುವುದಿಲ್ಲ. ಆದ್ದರಿಂದ ವಂಶವೃಕ್ಷ ಮತ್ತು ಮರಣ ಪ್ರಮಾಣಪತ್ರಗಳ ಕೆಲಸವನ್ನು ಈ ವಾರವೇ ಆರಂಭಿಸಿ, ಚಿಕ್ಕಪ್ಪನ ಆಧಾರ್ ಪ್ರತಿಯನ್ನೂ ಈಗಲೇ ತರಿಸಿಕೊಳ್ಳಿ.